ಅಕ್ಕಿ ಗಿರಣಿಯ ಪಿಎಲ್‌ಸಿ: ಮಾಡ್‌ಬಸ್ ಸಾಕೇ, ಪ್ರೊಫಿನೆಟ್ ಬೇಕೇ?

ಗಂಗಾವತಿ ಬಳಿಯ ನಮ್ಮ ಅಕ್ಕಿ ಗಿರಣಿಯ ಹಳೆಯ ರಿಲೇ ಪ್ಯಾನೆಲ್ ತೆಗೆದು, ಅದರ ಜಾಗದಲ್ಲಿ ಸೀಮೆನ್ಸ್ ಎಸ್‌7-1200 ಶ್ರೇಣಿಯ 1214ಸಿ ಪಿಎಲ್‌ಸಿಯನ್ನು (ಯಂತ್ರಗಳನ್ನು ಪ್ರೋಗ್ರಾಮಿನಂತೆ ನಡೆಸುವ ಕೈಗಾರಿಕಾ ಕಂಪ್ಯೂಟರ್) ಕೂರಿಸಿದೆವು. ಎರಡು ಸುಗ್ಗಿ ನಡೆಸಿದ ಮೇಲೆ, ಯಾವ ಪಿಎಲ್‌ಸಿ ಎನ್ನುವುದಕ್ಕಿಂತ ಅದಕ್ಕೆ ಯಾವ ಬಸ್ (ಉಪಕರಣಗಳು ಮಾಹಿತಿ ಹಂಚಿಕೊಳ್ಳುವ ಸಂಪರ್ಕ ವ್ಯವಸ್ಥೆ) ಎನ್ನುವುದೇ ದೊಡ್ಡ ತೀರ್ಮಾನವೆಂದು ನನಗೆ ಮನವರಿಕೆಯಾಗಿದೆ.

ಈ ಪಿಎಲ್‌ಸಿಯಲ್ಲಿ ಈಥರ್ನೆಟ್ ಕೇಬಲ್ ಮೇಲೆ ಓಡುವ ಪ್ರೊಫಿನೆಟ್ ಬಸ್‌ನ ಪೋರ್ಟ್ ಇದ್ದೇ ಇರುತ್ತದೆ. ಮಾಡ್‌ಬಸ್ ಓಡಿಸಲು ಬಳಸುವ ಆರ್‌ಎಸ್-485 ತಂತಿ ಸಂಪರ್ಕ ಬೇಕಾದರೆ ಸಿಎಂ 1241 ಮಾಡ್ಯೂಲನ್ನೋ, ಮುಂಭಾಗದಲ್ಲಿ ಕೂರುವ ಸಿಬಿ 1241 ಬೋರ್ಡನ್ನೋ ಬೇರೆಯಾಗಿ ಕೊಳ್ಳಬೇಕು. ಹಾಗಾಗಿ ಎಲ್ಲವನ್ನೂ ಪ್ರೊಫಿನೆಟ್‌ನಲ್ಲೇ ಮುಗಿಸುವ ಸಲಹೆ ಬಂದಿತ್ತು. ಆದರೆ ಮೋಟಾರ್‌ಗಳ ವೇಗ ನಿಯಂತ್ರಿಸುವ ನಮ್ಮ 11 ಡ್ರೈವ್‌ಗಳಿಗೂ ಅದಕ್ಕಾಗಿ ಪ್ರತ್ಯೇಕ ಕಾರ್ಡ್ ಕೊಳ್ಳಬೇಕಿತ್ತು. ಉಮಿ ಗೋದಾಮಿನ ಬ್ಲೋವರ್ ಪ್ಯಾನೆಲ್ 180 ಮೀಟರ್ ದೂರದಲ್ಲಿದ್ದು, ತಾಮ್ರದ ಈಥರ್ನೆಟ್ ಕೇಬಲ್ 100 ಮೀಟರ್‌ಗೇ ನಿಲ್ಲುತ್ತದೆ. ಆರ್‌ಎಸ್-485 ಕಡಿಮೆ ವೇಗದಲ್ಲಿ 1200 ಮೀಟರ್‌ವರೆಗೂ ಹೋಗುತ್ತದೆ, ಮೇಲಾಗಿ 1979ರಲ್ಲಿ ಮೋಡಿಕಾನ್ ಕಂಪನಿ ರೂಪಿಸಿದ ಮಾಡ್‌ಬಸ್ ನಮ್ಮ ಎಲ್ಲ ಡ್ರೈವ್‌ಗಳಲ್ಲೂ 4 ವಿದ್ಯುತ್ ಮೀಟರ್‌ಗಳಲ್ಲೂ ಮೊದಲೇ ಇತ್ತು. ಅದನ್ನೇ ಆರಿಸಿದೆವು.

9600 ಬಾಡ್ (ಸೆಕೆಂಡಿಗೆ 9600 ಬಿಟ್) ವೇಗದಲ್ಲಿ ಈ 15 ಉಪಕರಣಗಳನ್ನು ಒಂದು ಸುತ್ತು ಓದಲು ಸುಮಾರು 1 ಸೆಕೆಂಡ್ ಹಿಡಿಯುತ್ತದೆ. ಎಲಿವೇಟರ್, ಬ್ಲೋವರ್‌ಗಳ ವೇಗ ಬದಲಿಸಲು ಅಷ್ಟು ಧಾರಾಳವಾಗಿ ಸಾಕು. ತುರ್ತು ನಿಲುಗಡೆಯನ್ನು ಮಾತ್ರ ಬಸ್‌ಗೆ ಒಪ್ಪಿಸದೆ ನೇರ ತಂತಿಯಲ್ಲೇ ಉಳಿಸಿಕೊಂಡಿದ್ದೇವೆ. ಒಂದು ಕೊರತೆಯನ್ನು ಹೇಳಲೇಬೇಕು: ಉಪಕರಣಗಳನ್ನು ಒಂದಾದ ಮೇಲೊಂದರಂತೆ ಕೇಳುವ ಸರದಿಯನ್ನು ಪ್ರೋಗ್ರಾಮಿನಲ್ಲಿ ನಾವೇ ಬರೆಯಬೇಕು, ಮತ್ತು ಯಾವುದಾದರೂ ಡ್ರೈವ್ ಬಂದ್ ಆಗಿದ್ದರೆ ಅದರ ಉತ್ತರಕ್ಕಾಗಿ ಕಾಯುತ್ತಾ ಇಡೀ ಸರದಿ ತಡವಾಗುತ್ತದೆ. ಉತ್ತರಿಸದ ಡ್ರೈವನ್ನು ಬಿಟ್ಟು ಮುಂದೆ ಹೋಗುವಂತೆ ಬರೆದ ಮೇಲೆಯೇ ಅದು ಸರಿಹೋಯಿತು.

ನಿಜವಾದ ತೊಂದರೆ ಕೊಟ್ಟಿದ್ದು ಬಸ್‌ನ ಕೇಬಲ್. ವೈರಿಂಗ್ ಗುತ್ತಿಗೆದಾರರು ಅದನ್ನು ಮೋಟಾರ್ ಕೇಬಲ್‌ಗಳಿದ್ದ ಟ್ರೇಯಲ್ಲೇ ಎಳೆದಿದ್ದರಿಂದ, 50 ಎಚ್‌ಪಿ ಬ್ಲೋವರ್ ಚಾಲೂ ಆದಾಗಲೆಲ್ಲ ಮೂರು ಡ್ರೈವ್‌ಗಳು ಸಂಪರ್ಕ ಕಳೆದುಕೊಳ್ಳುತ್ತಿದ್ದವು. ವಿದ್ಯುತ್ ತೆಗೆದು ಎ ಮತ್ತು ಬಿ ತಂತಿಗಳ ನಡುವೆ ಮಲ್ಟಿಮೀಟರ್ ಇಟ್ಟರೆ, ಸಂಕೇತ ಹಿಂದಕ್ಕೆ ಪ್ರತಿಫಲಿಸದಂತೆ ಎರಡು ತುದಿಗಳಲ್ಲಿ ಹಾಕುವ 120 ಓಮ್ ರೆಸಿಸ್ಟರ್‌ಗಳು ಸೇರಿ 60 ತೋರಿಸಬೇಕಾದಲ್ಲಿ 40 ತೋರಿಸಿತು. ಅಂಥದ್ದೇ ಇನ್ನೊಂದು ರೆಸಿಸ್ಟರನ್ನು ಸೇರಿಸುವ ಟರ್ಮಿನೇಷನ್ ಸ್ವಿಚ್ ನಡುವಿನ ಒಂದು ಡ್ರೈವ್‌ನಲ್ಲಿ ಕೂಡ ಆನ್ ಆಗಿತ್ತು. ಅದನ್ನು ಆಫ್ ಮಾಡಿ, ಕೇಬಲನ್ನು ಬೇರೆ ಟ್ರೇಗೆ ಸರಿಸಿ, ಅದರ ಶೀಲ್ಡನ್ನು (ತಂತಿಗಳ ಸುತ್ತಲಿನ ಲೋಹದ ಹೊದಿಕೆ) ಒಂದೇ ಕಡೆ ಅರ್ಥ್ ಮಾಡಿದ ಮೇಲೆ ಆ ದೋಷ ಮತ್ತೆ ಕಾಣಿಸಿಲ್ಲ. ರಾತ್ರಿ ಪಾಳಿಯ ಎಲೆಕ್ಟ್ರಿಷಿಯನ್ ಕೈಯಲ್ಲಿರುವ ಮೀಟರಿನಿಂದಲೇ ಇಷ್ಟನ್ನು ಪತ್ತೆ ಮಾಡಬಹುದೆನ್ನುವುದು ನಮ್ಮಂಥ ಊರಿನ ಗಿರಣಿಗೆ ಬಹಳ ದೊಡ್ಡ ಅನುಕೂಲ.

ಸರ್ವೋ ಮೋಟಾರ್‌ಗಳು ಒಂದಕ್ಕೊಂದು ಹೊಂದಿಕೊಂಡು ಓಡಬೇಕಾದ ಪ್ಯಾಕಿಂಗ್ ಯಂತ್ರಕ್ಕಾದರೆ ನಾನು ಮಾಡ್‌ಬಸ್ ಸೂಚಿಸುವುದಿಲ್ಲ. ಅಲ್ಲಿ ಪ್ರೊಫಿನೆಟ್ ಅಥವಾ ಈಥರ್‌ಕ್ಯಾಟ್‌ನಂಥ ವೇಗದ ಬಸ್‌ಗೆ ಹಣ ಹಾಕುವುದೇ ಸರಿ. ನಮ್ಮಲ್ಲಿ ಪ್ರೊಫಿನೆಟ್ ಪೋರ್ಟಿಗೆ ಆಪರೇಟರ್ ಪರದೆಯೊಂದನ್ನೇ ಜೋಡಿಸಿದ್ದೇವೆ. ಪ್ರತಿ ಉಪಕರಣದ ಸ್ಲೇವ್ ನಂಬರ್ (ಬಸ್‌ನಲ್ಲಿ ಅದರ ವಿಳಾಸ), ಬಾಡ್ ರೇಟ್, ಪ್ಯಾರಿಟಿ (ತಪ್ಪು ಪತ್ತೆ ಮಾಡುವ ಸೆಟ್ಟಿಂಗ್) ಬರೆದ ಹಾಳೆಯನ್ನು ಪ್ಯಾನೆಲ್ ಬಾಗಿಲಿನ ಒಳಗೆ ಅಂಟಿಸಿದ್ದೇವೆ. ಡ್ರೈವ್ ಬದಲಿಸಿದ ದಿನ ಎಲ್ಲರೂ ಮೊದಲು ನೋಡುವುದು ಅದನ್ನೇ.