ಗುಂಡು ತುಂಬಿದ ಮರದ ಕೊಡತಿ: ನಾಲ್ಕು ಮಳೆಗಾಲ ಕಳೆದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಇದು ಅಂಗಡಿಯಲ್ಲಿ ಸಿಗುವ ವಸ್ತು ಅಲ್ಲ. ನಾನೇ ಮಾಡಿಕೊಂಡ ಕೊಡತಿ, ಅಂದರೆ ಮರದ ಸುತ್ತಿಗೆ. ಹೊಗಳಿದರೂ ನನ್ನನ್ನೇ, ಬೈದರೂ ನನ್ನನ್ನೇ. 2022ರ ಮಾರ್ಚ್‌ನಲ್ಲಿ, ಕಾಫಿ ಕೊಯ್ಲು ಮುಗಿದು ಹೂಮಳೆಗೆ ಕಾಯುತ್ತಾ ಕೂತಿದ್ದಾಗ ಮಾಡಿದ್ದು. ಕೊಡಗಿನ ಗೋಣಿಕೊಪ್ಪಲಿನಿಂದ ಸ್ವಲ್ಪ ಒಳಗೆ ನಮ್ಮ ಮನೆ. ಹಸು ಸಾಕುವುದು ಬಿಟ್ಟ ಮೇಲೆ ಖಾಲಿ ಬಿದ್ದಿದ್ದ ಕೊಟ್ಟಿಗೆಯ ಅರ್ಧವೇ ನನ್ನ ಮರಗೆಲಸದ ಜಾಗ. ಇನ್ನರ್ಧದಲ್ಲಿ ಸೌದೆ.

ಕೊಡತಿ ಬೇಕಾಗಿದ್ದು ಜೇನು ಪೆಟ್ಟಿಗೆಗಳಿಂದ. ತೋಟದಲ್ಲಿ ಇಡಲು ನಾಲ್ಕು ಪೆಟ್ಟಿಗೆ ಮಾಡೋಣ ಅಂತ ಶುರು ಮಾಡಿದ್ದು, ಈಗ ನೆಂಟರು, ಪರಿಚಯದವರು ಎಲ್ಲರಿಗೂ ಮಾಡಿಕೊಡುವ ಮಟ್ಟಕ್ಕೆ ಬಂದಿದೆ. ಪೆಟ್ಟಿಗೆಯ ನಾಲ್ಕೂ ಮೂಲೆಯಲ್ಲಿ ಹಲ್ಲಿಗೆ ಹಲ್ಲು ಕೂರಿಸಬೇಕು. ಕಬ್ಬಿಣದ ಸುತ್ತಿಗೆಯಲ್ಲಿ ಹೊಡೆದರೆ ಹಲಗೆ ತಗ್ಗು ಬೀಳುತ್ತದೆ. ರಬ್ಬರ್ ಸುತ್ತಿಗೆ ತಂದೆ. ಅದು ಹೊಡೆದಷ್ಟೂ ಪುಟಿಯಿತು, ಜೊತೆಗೆ ಬಿಳಿ ಹಲಗೆ ಮೇಲೆಲ್ಲ ಕಪ್ಪು ಕಲೆ. ಹಿಂದಿನ ವರ್ಷ ಮೆಣಸು ಕೊಯ್ಯುವಾಗ ಏಣಿಯಿಂದ ಜಾರಿ ಬಲಗೈ ಮಣಿಕಟ್ಟು ಉಳುಕಿತ್ತು. ಪುಟಿಯುವ ಸುತ್ತಿಗೆ ಹಿಡಿದರೆ ಸಂಜೆ ಹೊತ್ತಿಗೆ ಕಾಫಿ ಲೋಟ ಎತ್ತಲೂ ಆಗುತ್ತಿರಲಿಲ್ಲ.

ಈಗ ಇರುವುದು ಎರಡನೆಯ ಕೊಡತಿ. ಮೊದಲನೆಯದು ಒಂದೇ ಮಳೆಗಾಲಕ್ಕೆ ಸತ್ತಿತು. ತೋಟದಲ್ಲಿ ಸಿಲ್ವರ್ ಓಕ್ ಬೇಕಾದಷ್ಟಿದೆ, ಸುಮ್ನೆ ದುಡ್ಡು ಯಾಕೆ ಅಂತ ಅದರಲ್ಲೇ ಮಾಡಿದ್ದೆ. ತಲೆಯ ಎರಡೂ ಮುಖಕ್ಕೆ ದಪ್ಪ ತೂತು ಕೊರೆದು, ಒಳಗೆ ಉಕ್ಕಿನ ಗುಂಡು ತುಂಬಿ, ಮರದ ಬಿರಡೆ ಹೊಡೆದು ಮುಚ್ಚಿದ್ದೆ. ಹೊಡೆಯುವ ಮುಖದಲ್ಲೇ ಬಿರಡೆ! ಪ್ರತಿ ಏಟೂ ಅದರ ಮೇಲೆಯೇ ಬೀಳುತ್ತಿತ್ತು. ಮರ ಬೇರೆ ಪೂರ್ತಿ ಒಣಗಿರಲಿಲ್ಲ. ಆಗಸ್ಟ್‌ನ ಒಂದು ಮಧ್ಯಾಹ್ನ ಬಿರಡೆ ಹಾರಿ, ಗುಂಡುಗಳು ಆಲಿಕಲ್ಲಿನ ಹಾಗೆ ಕೊಟ್ಟಿಗೆ ತುಂಬಾ ಉದುರಿದವು. ಈಗಲೂ ಸೌದೆ ಎಳೆಯುವಾಗ ಒಂದೊಂದು ಸಿಗುತ್ತದೆ.

ಎರಡನೆಯದಕ್ಕೆ ಮರ ಯಾವುದು ಅಂತ ನಮ್ಮೂರ ಆಚಾರ್ರನ್ನು ಕೇಳಿದೆ. ಅವರದು ಒಂದೇ ಮಾತು: "ಹುಣಸೆ ಬಿಟ್ಟು ಬೇರೆ ಯೋಚನೆ ಮಾಡ್ಬೇಡಿ ಸಾರ್." ಅವರ ಕೈಯಲ್ಲಿರುವ ಕೊಡತಿಯೂ ಹುಣಸೆಯದೇ, ಅವರ ಅಪ್ಪನ ಕಾಲದ್ದು. ಆದರೆ ಕೊಡಗಿನ ಮಳೆಯಲ್ಲಿ ಹುಣಸೆ ಎಲ್ಲಿ ಬರಬೇಕು, ಪಿರಿಯಾಪಟ್ಟಣ, ಹುಣಸೂರು ಕಡೆ ಹೋಗಬೇಕು. ಹೋಗಿ ತಂದರೂ ಹಸಿ ತುಂಡು ಒಣಗಲು ವರ್ಷಗಟ್ಟಲೆ. ಬೀಟೆ ತುಂಡೊಂದು ಅಟ್ಟದಲ್ಲಿತ್ತು. ಬೀಟೆಯಲ್ಲಿ ಕೊಡತಿ ಮಾಡುವುದು ಅಂದರೆ ರೇಷ್ಮೆ ಸೀರೆ ಉಟ್ಟು ನಾಟಿಗೆ ಇಳಿದ ಹಾಗೆ, ಮನಸ್ಸು ಬರಲಿಲ್ಲ. ಕೊನೆಗೆ ಸಿಕ್ಕಿದ್ದು ಕೊಟ್ಟಿಗೆಯ ಹಳೆಯ ಮತ್ತಿ ತೊಲೆ. ಮಾಡು (ಛಾವಣಿ) ಬದಲಿಸುವಾಗ ಇಳಿಸಿ ಮೂಲೆಗೆ ಒರಗಿಸಿದ್ದೆವು. ಐವತ್ತು ವರ್ಷ ಹಂಚಿನ ಕೆಳಗೆ ಒಣಗಿದ ಮರ. ಗರಗಸ ಹಾಕಿದರೆ ಕಲ್ಲು ಕೊಯ್ದ ಸದ್ದು.

ಮಾಡಿದ ರೀತಿಯನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಕೊಡತಿ ಇಷ್ಟು ದಿನ ಉಳಿದಿರುವುದು ಅದರಿಂದಲೇ. ತಲೆ 14 ಸೆಂ.ಮೀ. ಉದ್ದ, 7.5 ಎತ್ತರ, 6.5 ದಪ್ಪ. ಒಂದೇ ಗಟ್ಟಿ ತುಂಡಲ್ಲ, ಮೂರು ಹಲಗೆ ಅಂಟಿಸಿದ್ದು. ನಡುವಿನ ಹಲಗೆ 2.2 ಸೆಂ.ಮೀ. ದಪ್ಪ. ಅಂಟಿಸುವ ಮೊದಲೇ ಅದರ ಮಧ್ಯದಲ್ಲಿ ಕಾವು (ಹಿಡಿ) ಕೂರುವ ಜಾಗ ಕತ್ತರಿಸಿದೆ. ಅದರ ಆಚೆ ಈಚೆ ಒಂದೊಂದು ಗೂಡು ತೆಗೆದೆ. ಗೂಡು 4 ಸೆಂ.ಮೀ. ಎತ್ತರ, 2.8 ಸೆಂ.ಮೀ. ಉದ್ದ. ಗೂಡಿನಿಂದ ಹೊಡೆಯುವ ಮುಖಕ್ಕೆ 2 ಸೆಂ.ಮೀ. ಗಟ್ಟಿ ಮರ ಬಿಟ್ಟಿದ್ದೇನೆ. ಹೀಗೆ ಮಾಡಿದರೆ ಮುಖದಲ್ಲಿ ಬಿರಡೆಯೂ ಇಲ್ಲ, ಉಳಿ ಹಿಡಿದು ಆಳದ ತೂತು ಕೊರೆಯುವ ಕೆಲಸವೂ ಇಲ್ಲ. ಗುಂಡು ಸುರಿದು, ಮೇಲೊಂದು ಕೆಳಗೊಂದು ಹಲಗೆ ಅಂಟಿಸಿ, ಒಂದು ರಾತ್ರಿ ಕ್ಲ್ಯಾಂಪ್ ಬಿಗಿದಿಟ್ಟೆ. ಅಂಟು ಮಾತ್ರ ನೀರಿಗೆ ತಡೆಯುವ ಜಾತಿಯದೇ ಇರಲಿ. ಸಾಮಾನ್ಯ ಬಿಳಿ ಅಂಟು ನಮ್ಮ ಕಡೆ ಜುಲೈ ತಿಂಗಳಲ್ಲಿ ಮೆತ್ತಗಾಗಿದ್ದು ನೋಡಿದ್ದೇನೆ.

ಮುಖಗಳನ್ನು ನೆಟ್ಟಗೆ ಕತ್ತರಿಸಿಲ್ಲ. ಮೇಲೆ ಅಗಲ, ಕೆಳಗೆ ಕಿರಿದು. ಒಂದೊಂದು ಕಡೆಯಿಂದ ಸುಮಾರು 8 ಮಿ.ಮೀ. ಒಳಕ್ಕೆ ಬಂದಿದೆ. ನಾವು ಹೊಡೆಯುವುದು ಮೊಣಕೈಯಿಂದ ತಾನೇ? ಕೊಡತಿ ತಿರುಗುವುದೂ ಮೊಣಕೈ ಸುತ್ತ. ಮುಖದ ಗೆರೆ ಎಳೆದರೆ ಅದು ಮೊಣಕೈ ಕಡೆಗೆ ಹೋಗಬೇಕು. ಆಗ ಮುಖ ಪೂರ್ತಿಯಾಗಿ ತಾಗುತ್ತದೆ, ಇಲ್ಲದಿದ್ದರೆ ಒಂದು ಅಂಚು ಮಾತ್ರ ಕಚ್ಚುತ್ತದೆ. ಬೆಂಚಿನ ಮೇಲೆ ಕೈ ಚಾಚಿ ಕೂತೆ, ಹೆಂಡತಿ ಮೊಣಕೈಯಿಂದ ಸೀಮೆಸುಣ್ಣದ ದಾರ ಹಿಡಿದಳು. "ಅಳತೆ ನಿಮ್ಮ ಕೈಗೋ, ಕೊಡತಿಗೋ?" ಅಂದಳು. ಎರಡಕ್ಕೂ.

ಇನ್ನು ಗುಂಡಿನ ವಿಷಯ. ಸೈಕಲ್ಲಿನ ಹಿಂದಿನ ಚಕ್ರಕ್ಕೆ ಹಾಕುವ ಕಾಲಿಂಚಿನ ಬೇರಿಂಗ್ ಗುಂಡು. ಒಂದೊಂದು ಹೆಚ್ಚುಕಡಿಮೆ ಒಂದು ಗ್ರಾಂ, ತಕ್ಕಡಿಯೇ ಬೇಡ, ಎಣಿಸಿದರೆ ಸಾಕು. ಗೂಡಿಗೆ 75ರಂತೆ 150 ಹಾಕಿದೆ. ಸೀಸ ಹಾಕಬಹುದಿತ್ತು ಅನ್ನುವವರು ಇದ್ದಾರೆ. ನಿಜ, ಉಕ್ಕಿನ ಸಾಂದ್ರತೆ 7.8 ಆದರೆ ಸೀಸದ್ದು 11.3, ಅದೇ ಜಾಗದಲ್ಲಿ ಜಾಸ್ತಿ ತೂಕ ಕೂರುತ್ತದೆ. ನಮ್ಮ ಕಡೆ ಮನೆ ಮನೆಯಲ್ಲಿ ಕೋವಿ, ಹಾಗಾಗಿ ಕೋವಿಯ ತೋಟಾ ಬಿಚ್ಚಿ ಚರೆ (ಒಳಗಿನ ಸಣ್ಣ ಸೀಸದ ಗುಂಡು) ತೆಗೆದುಕೋ ಅಂತ ಪುಕ್ಕಟೆ ಸಲಹೆ ಕೊಟ್ಟವರೂ ಇದ್ದಾರೆ. ಒಂದು ತೋಟಾದಲ್ಲಿ ಸಿಗುವುದು ಸುಮಾರು 30 ಗ್ರಾಂ ಚರೆ. ಅಷ್ಟಕ್ಕಾಗಿ ಮದ್ದು ತುಂಬಿದ ತೋಟಾ ಬಿಚ್ಚುವುದು ಬುದ್ಧಿಯ ಕೆಲಸ ಅಲ್ಲ. ಇನ್ನೊಬ್ಬರು ಹಳೆ ಬ್ಯಾಟರಿ ಸೀಸ ಕರಗಿಸಿ ಹುಯ್ಯಿ ಅಂದರು. ಖಂಡಿತ ಮಾಡಬೇಡಿ. ಅದರ ಹೊಗೆ, ಪುಡಿ ಎರಡೂ ವಿಷ. ಮರದಲ್ಲಿ ತುಸು ಪಸೆ ಇದ್ದರೂ ಅದು ಆವಿಯಾಗಿ ಕಾದ ಸೀಸ ಮುಖಕ್ಕೆ ಚಿಮ್ಮುತ್ತದೆ.

ಗೂಡನ್ನು ಪೂರ್ತಿ ತುಂಬಿಲ್ಲ, ಮುಕ್ಕಾಲು ಮಾತ್ರ. ಕೊಡತಿಯ ಗುಟ್ಟು ಇರುವುದೇ ಇಲ್ಲಿ. ತೂಕ ಮಾತ್ರ ಬೇಕು ಅನ್ನುವವರಿಗೆ ಗುಂಡಿನ ಉಸಾಬರಿಯೇ ಬೇಡ. ಗೂಡಿಗೆ ತೆಗೆದ ಮರದ ತೂಕ ಕಳೆದರೆ ನನಗೆ ನಿಜವಾಗಿ ಸಿಕ್ಕಿದ್ದು ನೂರು ಗ್ರಾಂ ಮೇಲೆ ಸ್ವಲ್ಪ. ತಲೆಯನ್ನು ಮೂರು ಸೆಂ.ಮೀ. ಉದ್ದ ಮಾಡಿದ್ದರೂ ಅಷ್ಟು ಬರುತ್ತಿತ್ತು. ಗುಂಡಿನ ಕೆಲಸ ಬೇರೆ. ಕೊಡತಿ ಮರಕ್ಕೆ ತಾಗಿ ಹಿಂದಕ್ಕೆ ಪುಟಿಯಲು ಹೊರಡುವ ಹೊತ್ತಿಗೆ ಒಳಗಿನ ಗುಂಡುಗಳು ಇನ್ನೂ ಮುಂದಕ್ಕೇ ಬರುತ್ತಿರುತ್ತವೆ. ಒಂದು ಗಳಿಗೆ ತಡವಾಗಿ ಬಂದು ಅವೂ ಗುದ್ದುತ್ತವೆ. ಪುಟಿತ ಅಲ್ಲೇ ಸಾಯುತ್ತದೆ.

ಆಚಾರ್ರು ಇದನ್ನು ನಂಬಲಿಲ್ಲ. ಕೈಯಲ್ಲಿ ಹಿಡಿದು ಕಿವಿ ಹತ್ತಿರ ಅಲ್ಲಾಡಿಸಿ, "ಇದೇನ್ ಸಾರ್, ಮೊಮ್ಮಗೂಗೆ ಗಿಲಕಿ ಮಾಡಿದ್ರಾ?" ಅಂದರು. ಅಂಗಳದ ಒಗೆಯುವ ಕಲ್ಲಿನ ಮೇಲೆ ಇಬ್ಬರ ಕೊಡತಿಯನ್ನೂ ಒಂದು ಗೇಣು ಎತ್ತರದಿಂದ ಬಿಟ್ಟು ನೋಡಿದೆವು. ಅವರ ಹುಣಸೆ ಟಣ್ ಅಂತ ನಾಲ್ಕು ಬೆರಳು ಮೇಲೆದ್ದು ಪಕ್ಕಕ್ಕೆ ಉರುಳಿತು. ನನ್ನದು ಸೆಗಣಿ ಮುದ್ದೆ ಬಿದ್ದ ಹಾಗೆ ತಪ್ ಅಂತ ಕೂತಿತು. ಅವರು ಮೂರು ಸಲ ಬಿಡಿಸಿದರು. ಆಮೇಲೆ ಏನೂ ಹೇಳದೆ ಎಲೆ ಅಡಿಕೆ ಹಾಕಿಕೊಂಡರು.

ಬಳಕೆಗೆ ಬರೋಣ. ಪೆಟ್ಟಿಗೆ ಮೂಲೆ ಕೂರಿಸಲು ಇದಕ್ಕಿಂತ ಒಳ್ಳೆಯದನ್ನು ನಾನು ಹಿಡಿದಿಲ್ಲ. ಒಟ್ಟು ತೂಕ 870 ಗ್ರಾಂ. ಕೈ ಎತ್ತಿ ಬಿಟ್ಟರೆ ಸಾಕು, ದಬ್ಬುವುದು ಬೇಡ. ನಲವತ್ತಕ್ಕೂ ಜಾಸ್ತಿ ಪೆಟ್ಟಿಗೆ ಆಗಿದೆ, ಮಣಿಕಟ್ಟಿನ ಬಗ್ಗೆ ಹೆಂಡತಿ ಹತ್ತಿರ ಗೊಣಗಿದ್ದು ನೆನಪಿಲ್ಲ. ಹಳೆಯ ಕುರ್ಚಿ ಬಿಚ್ಚುವುದಕ್ಕೂ ಚೆನ್ನಾಗಿದೆ, ಕಾಲು ಸೀಳದೆ ಹೊರಗೆ ಬರುತ್ತದೆ.

ಉಳಿ ಕೆಲಸಕ್ಕೆ ಮಾತ್ರ ಅಷ್ಟಕ್ಕಷ್ಟೆ. ದಪ್ಪ ಉಳಿಯಲ್ಲಿ ಚೌಕಟ್ಟಿಗೆ ತೂತು ತೆಗೆಯುವಾಗ ಪರವಾಗಿಲ್ಲ. ಸಣ್ಣ ಉಳಿಯಲ್ಲಿ ಟಕ್ ಟಕ್ ಅಂತ ಬೇಗ ಬೇಗ ಹೊಡೆಯಬೇಕಾದಾಗ ಇದು ಮಂಕು. ಏಟು ಎಲ್ಲಿ ಮುಗಿಯಿತು ಅಂತ ಕೈಗೆ ಗೊತ್ತಾಗುವುದಿಲ್ಲ, ಒಳಗಿನ ಗುಂಡು ಸುದ್ದಿಯನ್ನು ನುಂಗಿಬಿಡುತ್ತದೆ. ಅಲ್ಲಿ ಆಚಾರ್ರ ಹುಣಸೆಯೇ ಮೇಲು, ಒಪ್ಪಿಕೊಳ್ಳುತ್ತೇನೆ. ಉಳಿಗೆ ಅಂತ ನಾನೂ ಈಗ ಚಿಕ್ಕದೊಂದು ಗುಂಡಿಲ್ಲದ ಕೊಡತಿ ಇಟ್ಟುಕೊಂಡಿದ್ದೇನೆ.

ಮೊದಲ ಮಳೆಗಾಲ ಏನೂ ಆಗಲಿಲ್ಲ. 2023ರಲ್ಲಿ ಮಳೆಯೇ ಕೈಕೊಟ್ಟಿತು, ಆಗಲೂ ಸುಖ. 2024ರ ಜುಲೈನಲ್ಲಿ ಮಳೆ ಹಿಡಿದಿದ್ದು ಬಿಡಲೇ ಇಲ್ಲ, ಗೋಡೆಯಲ್ಲಿ ನೇತುಹಾಕಿದ ಬೆಲ್ಟಿಗೂ ಬೂಷ್ಟು ಬಂದಿತ್ತು. ಒಂದು ದಿನ ಪೆಟ್ಟಿಗೆ ಹೊಡೆಯುವಾಗ ಕೈ ಜುಂ ಅಂದಿತು. ಏನೋ ತಪ್ಪಿದೆ ಅನಿಸಿ ಕಿವಿ ಹತ್ತಿರ ಅಲ್ಲಾಡಿಸಿದೆ. ಗಿಲಕಿ ಸದ್ದೇ ಇಲ್ಲ!

ಮುರಿದು ನೋಡಲು ಮನಸ್ಸಾಗಲಿಲ್ಲ. ಎರಡೂ ಗೂಡಿಗೆ ಮೇಲಿನಿಂದ 8 ಮಿ.ಮೀ. ತೂತು ಕೊರೆದೆ. ಡ್ರಿಲ್ ಬಿಟ್ ತುದಿಯಲ್ಲಿ ಕಾಫಿ ಪುಡಿ ಬಣ್ಣದ ತುಕ್ಕು ಬಂತು. ತಂತಿ ಹಾಕಿ ಕೆದಕಿದರೆ ಗುಂಡುಗಳು ಒಂದಕ್ಕೊಂದು ಕಚ್ಚಿಕೊಂಡು ಕಡಲೆ ಮಿಠಾಯಿ ಆಗಿದ್ದವು. ತಪ್ಪು ನನ್ನದೇ. ಹೊಸ ಗುಂಡಿಗೆ ಅಂಗಡಿಯವರು ಎಣ್ಣೆ ಸವರಿಯೇ ಕೊಟ್ಟಿದ್ದರು. ಎಣ್ಣೆ ತಾಗಿದರೆ ಅಂಟು ಹಿಡಿಯುವುದಿಲ್ಲ ಅಂತ ನಾನು ಪೆಟ್ರೋಲಿನಲ್ಲಿ ತೊಳೆದು ಒರೆಸಿ ಹಾಕಿದ್ದೆ. ಮತ್ತಿಯ ಒಗರಿಗೂ ಕಬ್ಬಿಣಕ್ಕೂ ಪಸೆ ಸೇರಿದರೆ ಆಗಿಬರುವುದಿಲ್ಲ ಅನ್ನುವುದು ಗೊತ್ತಿದ್ದೂ ಮರೆತಿದ್ದೆ. ಒಲೆಯ ಮೇಲಿನ ಅಟ್ಟದಲ್ಲಿ ಮೂರು ವಾರ ಇಟ್ಟೆ. ಆಮೇಲೆ ಹೊಲಿಗೆ ಮಿಷನ್ ಎಣ್ಣೆ ಒಂದೊಂದು ಚಮಚ ಬಿಟ್ಟು, ಎರಡು ದಿನ ನೆನೆಸಿ, ಒಗೆಯುವ ಕಲ್ಲಿಗೆ ಸಿಟ್ಟು ಬಂದವರ ಹಾಗೆ ಕುಟ್ಟಿದೆ. ಹತ್ತನೆಯದೋ ಹನ್ನೊಂದನೆಯದೋ ಏಟಿಗೆ ಒಳಗೆ ಕರಕ್ ಅಂದಿತು. ಮತ್ತೆರಡು ಏಟಿಗೆ ಗಿಲಿ ಗಿಲಿ ಶುರು.

ಆ ತೂತುಗಳಿಗೆ ಈಗ ಅಂಟು ಹಾಕದ ಮರದ ಬಿರಡೆ ಇದೆ. ಪ್ರತಿ ಮೇ ತಿಂಗಳು ಕಿತ್ತು ನಾಲ್ಕು ಹನಿ ಎಣ್ಣೆ ಬಿಡುತ್ತೇನೆ. 2025ರ ಮಳೆಗಾಲ ಹಾಗೇ ಕಳೆಯಿತು. ನೀವು ಮಾಡುವುದಾದರೆ ತುಕ್ಕು ಹಿಡಿಯದ ಸ್ಟೀಲ್ ಗುಂಡು ಹುಡುಕಿ, ಇಲ್ಲವೇ ಮೊದಲೇ ಇಂಥ ತೂತು ಇಟ್ಟುಬಿಡಿ.

ಕಾವಿನ ಕಥೆ ಚಿಕ್ಕದು. ಮೊದಲು ರೊಬಸ್ಟಾ ಬೊಡ್ಡೆಯಲ್ಲಿ ಮಾಡಿದ್ದೆ. ಕಾಫಿ ಮರ ಗಟ್ಟಿ, ನುಣುಪು, ಕೈಗೆ ಹಿತ. ಆದರೆ ಗಿಡದ ಎಳೆ ನೇರ ಇರುವುದಿಲ್ಲ. ಎಂಟು ತಿಂಗಳಿಗೆ ಓರೆಯಾಗಿ ಸೀಳು ಬಿತ್ತು. ಈಗಿರುವುದು ತಡಸಲು ಮರದ್ದು. ಕೊಡಲಿ ಕಾವಿಗೆ ಹಿಂದಿನವರು ಅದನ್ನೇ ಯಾಕೆ ಹುಡುಕುತ್ತಿದ್ದರು ಅಂತ ಹಿಡಿದ ಮೇಲೆ ಗೊತ್ತಾಯಿತು, ಸಣ್ಣಗೆ ಬಾಗಿ ಏಟನ್ನು ತಾನೇ ತಿನ್ನುತ್ತದೆ. ಪಿಕಾಸಿಗೆ ಹಾಕುವ ಹಾಗೆ ಕಾವನ್ನು ಮೇಲಿನಿಂದ ಇಳಿಬಿಡುವುದು. ಮೇಲ್ತುದಿ ಸ್ವಲ್ಪ ದಪ್ಪ, ಬೀಸಿದಷ್ಟೂ ತಲೆ ಬಿಗಿಯುತ್ತದೆ, ಬೆಣೆ ಬೇಡ. ಮಾರ್ಚ್ ಬಿಸಿಲಿಗೆ ಸಡಿಲವಾದರೆ ಕೊಡತಿಯನ್ನು ತಲೆಕೆಳಗೆ ಹಿಡಿದು, ಮೇಲೆ ಚಾಚಿರುವ ಕಾವಿನ ತುದಿಯನ್ನು ಕಲ್ಲಿಗೆ ಎರಡು ಸಲ ಕುಟ್ಟಿದರೆ ಆಯಿತು.

ಮೈಗೆ ಅಗಸೆ ಎಣ್ಣೆ, ಮೇಲೆ ನಮ್ಮದೇ ಪೆಟ್ಟಿಗೆಯ ಜೇನುಮೇಣ. ವಾರ್ನಿಷ್ ಹೊಡೆಯಬೇಡಿ, ಬೆವರಿಗೆ ಜಾರುತ್ತದೆ. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ (ಕೊಡವರ ಆಯುಧ ಹಬ್ಬ) ದಿನ ಪಕ್ಕದ ಮನೆಯವರು ಕೋವಿಗೆ ತೋಕ್ ಪೂ (ಕೋವಿ ಹೂ) ಕಟ್ಟುತ್ತಾರೆ, ಒಂದು ಹೂ ನಮ್ಮ ಕೊಡತಿಗೂ ಕೇಳಿ ತಂದಿದ್ದೆ. ಅವರು ನಕ್ಕರು, ಕೊಟ್ಟರು.

ಖರ್ಚು ಅಂತ ಆಗಿದ್ದು ಗುಂಡಿಗೆ ಮತ್ತು ಅಂಟಿಗೆ ಮಾತ್ರ. ಸಮಯ ಮೂರು ಭಾನುವಾರ. ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದಿದ್ದು ಉಳಿ ಕೆಲಸಕ್ಕೆ. ತುಕ್ಕಿಗೆ ಕಳೆಯಲಿಲ್ಲ, ಅದು ಕೊಡತಿಯ ತಪ್ಪಲ್ಲ. ಪೆಟ್ಟಿಗೆ, ಮೇಜು, ಕುರ್ಚಿ ಜೋಡಿಸುವವರು ಮಾಡಿಕೊಳ್ಳಿ. ಬರೀ ಉಳಿ ಹಿಡಿಯುವವರು ಆಚಾರ್ರ ಮಾತು ಕೇಳಿ, ಹುಣಸೂರಿನ ಬಸ್ಸು ಹತ್ತಿ.

ಬಲಗಡೆ ಮುಖ ಅಂಚಿನಲ್ಲಿ ನಾರು ಏಳುತ್ತಿದೆ. ಇಲ್ಲಿಯವರೆಗೆ ಎರಡು ಸಲ ಕೀಸುಳಿ ಆಡಿಸಿದ್ದೇನೆ, ಎರಡೂ ಸೇರಿ 3 ಮಿ.ಮೀ. ಹೋಗಿದೆ. ಗೂಡಿನ ಮುಂದೆ ಇನ್ನೂ 17 ಮಿ.ಮೀ. ಮರ ಉಳಿದಿದೆ.