‘ಐ7 ಕಂಪ್ಯೂಟರ್’ ಎಂದಷ್ಟೇ ಬರೆದ ಕೊಟೇಶನ್‌ ನಂಬಿ ಹಣ ಕೊಡಬೇಡಿ

ಚಿಕ್ಕಮಗಳೂರಿನ ಸುತ್ತಮುತ್ತ ಮನೆಗೋ ಸಣ್ಣ ಕಚೇರಿಗೋ ಕಡಿಮೆ ಬೆಲೆಯ ಅಸೆಂಬಲ್ಡ್ ಕಂಪ್ಯೂಟರ್ ಕೊಳ್ಳಲು ಹೊರಟಿರುವವರು ಮುಂಗಡ ಕೊಡುವ ಮೊದಲು ಇದನ್ನು ಓದಬೇಕೆಂದು ಕೋರುತ್ತೇನೆ. ಆಲ್ದೂರಿನ ಬಳಿ ಕಾಫಿ ತೋಟವಿರುವ ನಮ್ಮ ಭಾವನವರು ತೋಟದ ಲೆಕ್ಕ, ಚೆಕ್‌ರೋಲ್ (ಕೂಲಿಯಾಳುಗಳ ಹಾಜರಿ ಪಟ್ಟಿ), ನುಡಿಯಲ್ಲಿ ಬರೆಯುವ ಪತ್ರಗಳು ಹಾಗೂ ಮಗಳ ಓದಿಗೆಂದು ಜಿಲ್ಲಾ ಕೇಂದ್ರದ ಅಂಗಡಿಯೊಂದರಲ್ಲಿ ಮಾನಿಟರ್ ಬಿಟ್ಟು 26,000 ರೂಪಾಯಿಗೆ ಒಂದು ಸೆಟ್ ಕೊಂಡರು. ಕೊಟೇಶನ್‌ನಲ್ಲಿ ‘ಐ7, 16 ಜಿಬಿ, 512 ಎಸ್‌ಎಸ್‌ಡಿ, ವಿಂಡೋಸ್ 11’ ಎಂಬ ಒಂದೇ ಸಾಲಿತ್ತು. ಬಿಲ್ಲಿನಲ್ಲಿ ಅದೂ ಇರಲಿಲ್ಲ. ‘ಕಂಪ್ಯೂಟರ್ ಸೆಟ್ – 1’ ಎಂದಷ್ಟೇ ಇತ್ತು.

ಮಳೆಗಾಲ ಹಿಡಿದು ಕರೆಂಟು ಏರುಪೇರಾಗತೊಡಗಿದಾಗ ಯುಪಿಎಸ್ ಇದ್ದರೂ ಕಂಪ್ಯೂಟರ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿತ್ತು. ಕೊನೆಗೊಂದು ಸಂಜೆ ಸುಟ್ಟ ವಾಸನೆ ಬಂದು ಪೂರ್ತಿ ನಿಂತುಹೋಯಿತು. ರಿಪೇರಿಯವರು ಕ್ಯಾಬಿನೆಟ್ ಬಿಚ್ಚಿ, ಕಂಪ್ಯೂಟರಿಗೆ ಕರೆಂಟು ಒದಗಿಸುವ ಎಸ್‌ಎಂಪಿಎಸ್ ಅನ್ನು ಹೊರತೆಗೆದು ನನ್ನ ಕೈಗೆ ಕೊಟ್ಟಾಗ, 450 ವ್ಯಾಟ್ ಎಂದು ದೊಡ್ಡ ಅಕ್ಷರದ ಸ್ಟಿಕ್ಕರ್ ಇದ್ದ ಆ ಡಬ್ಬಿ ಖಾಲಿ ಡಬ್ಬಿಯಷ್ಟೇ ಹಗುರವಾಗಿತ್ತು. ಒಳಗೆ ಕರೆಂಟು ಸೋಸುವ ಬಿಡಿಭಾಗಗಳು ಇರಬೇಕಾದ ಜಾಗದಲ್ಲಿ ಬರಿಯ ತಂತಿಯ ತುಂಡುಗಳನ್ನು ಬೆಸೆದಿದ್ದರು. ಬೇರೆ ಎಸ್‌ಎಂಪಿಎಸ್ ಹಾಕಿ ಚಾಲೂ ಮಾಡಿದ ಮೇಲೆ ಉಳಿದದ್ದು ಹೊರಬಿತ್ತು. ಪ್ರೊಸೆಸರ್ (ಕಂಪ್ಯೂಟರಿನ ಮಿದುಳು) ಇಂಟೆಲ್ ಕಂಪನಿಯ ಐ7-3770, ಅದು ಕೂರುವ ಮದರ್‌ಬೋರ್ಡ್ ಎಚ್61, ಎರಡೂ ಬಹಳ ಹಳೆಯವು. ಹೊಸದೆಂದು ಕೊಟ್ಟಿದ್ದ, ಫೈಲುಗಳನ್ನೆಲ್ಲ ಇಡುವ ಡ್ರೈವ್ ಆದ ಎಸ್‌ಎಸ್‌ಡಿಯು ಅಷ್ಟರಲ್ಲಾಗಲೇ 9,000 ಗಂಟೆಗೂ ಹೆಚ್ಚು ಓಡಿದೆಯೆಂದು ಡ್ರೈವ್ ತಪಾಸಿಸುವ ತಂತ್ರಾಂಶ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೋರಿಸಿತು. ದಿನದ 24 ಗಂಟೆಯೂ ಆರಿಸದೆ ಇಟ್ಟಿದ್ದರೂ ಅಷ್ಟಾಗಲು ಒಂದು ವರ್ಷಕ್ಕೂ ಹೆಚ್ಚು ಬೇಕು, ಭಾವನವರ ಮನೆಗೆ ಅದು ಬಂದದ್ದು ಆ ಬೇಸಿಗೆಯಲ್ಲಿ.

ಅಂಗಡಿಗೆ ಹೋಗಿ ಕೇಳಿದಾಗ ಮಾಲೀಕರು ಸ್ವಲ್ಪವೂ ಅಳುಕದೆ, “ಸರ್, ನೀವು ಐ7 ಕೇಳಿದ್ರಿ, ಐ7 ಕೊಟ್ಟಿದ್ದೀವಿ. ಯಾವ ಜನರೇಶನ್ ಅಂತ ನೀವು ಕೇಳ್ಲೇ ಇಲ್ವಲ್ಲ” ಎಂದರು. ಕಾಗದದ ಮೇಲೆ ಅವರು ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ ಎಂಬುದೇ ಈ ವ್ಯಾಪಾರದ ಜಾಣತನ. ಬರೆಯದೆ ಬಿಟ್ಟ ಜಾಗದಲ್ಲಿಯೇ ಮೋಸವಿತ್ತು.

ಐ7 ಎಂಬ ಒಂದೇ ಹೆಸರಿನಲ್ಲಿ ಹಲವು ತಲೆಮಾರಿನ (ಜನರೇಶನ್) ಪ್ರೊಸೆಸರ್‌ಗಳು ಬಂದಿವೆ. 3ನೇ ಜನರೇಶನ್‌ನ ಐ7-3770 ಮಾರುಕಟ್ಟೆಗೆ ಬಂದದ್ದು 2012ರಲ್ಲಿ. ಅದರಲ್ಲಿರುವುದು 4 ಕೋರ್ (ಲೆಕ್ಕ ಮಾಡುವ ಘಟಕ), 8 ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಎಳೆ). 2022ರಲ್ಲಿ ಬಂದ ಐ3-12100 ಎಂಬ ಪ್ರೊಸೆಸರ್‌ನಲ್ಲೂ ಅಷ್ಟೇ ಕೋರ್, ಅಷ್ಟೇ ಥ್ರೆಡ್ ಇವೆ. ಹೆಸರಿನಲ್ಲಿ 3 ಇದ್ದರೂ ನಡುವಿನ ಹತ್ತು ವರ್ಷಗಳ ಸುಧಾರಣೆಯಿಂದಾಗಿ ಟ್ಯಾಲಿ, ಎಕ್ಸೆಲ್, ಬ್ರೌಸರ್‌ನಂಥ ನಿತ್ಯದ ಕೆಲಸಗಳಲ್ಲಿ ಅದು ಹಳೆಯ ಐ7 ಅನ್ನು ಬಹಳ ಹಿಂದಿಕ್ಕುತ್ತದೆ. ಎಚ್61 ಬೋರ್ಡಿನ ಸಾಟಾ ಪೋರ್ಟುಗಳು (ಡ್ರೈವ್ ಜೋಡಿಸುವ ಕಿಂಡಿಗಳು) ಸೆಕೆಂಡಿಗೆ 3 ಗಿಗಾಬಿಟ್‌ನವಾದ್ದರಿಂದ ಅಲ್ಲಿಗೆ ಜೋಡಿಸಿದ ಸಾಟಾ ಎಸ್‌ಎಸ್‌ಡಿ ತನ್ನ ಅರ್ಧ ವೇಗದಲ್ಲಿ ಮಾತ್ರ ಓಡಬಲ್ಲದು, ಮತ್ತು ಮುಂದೆ ರ್‍ಯಾಮ್ ಹೆಚ್ಚಿಸೋಣವೆಂದರೆ ಡಿಡಿಆರ್3 ಎಂಬ ಹಳೆಯ ಮಾದರಿ ಬಿಟ್ಟು ಬೇರೆ ಕೂರುವುದಿಲ್ಲ. ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಇಂಟೆಲ್‌ನ 8ನೇ ಜನರೇಶನ್ ಅಥವಾ ನಂತರದ ಪ್ರೊಸೆಸರ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ. ಈ ಸೆಟ್‌ನಲ್ಲಿ ಈ ಅರ್ಹತೆಯ ತಪಾಸಣೆಯನ್ನೇ ತಪ್ಪಿಸಿ ವಿಂಡೋಸ್ 11 ಹಾಕಿದ್ದರು. ಹಾಗೆ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಸಿಗುವ ಖಾತರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ವಿಂಡೋಸ್ 10ಕ್ಕೆ ಹಿಂದಿರುಗೋಣವೆಂದರೆ ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದೇ ಮುಗಿದಿದೆ. ಬ್ಯಾಂಕಿನ ವ್ಯವಹಾರ ಮಾಡುವ ಕಂಪ್ಯೂಟರ್‌ಗೆ ಇದು ಸಣ್ಣ ವಿಷಯವಲ್ಲ. ಹಳೆಯದನ್ನು ಹಳೆಯದೆಂದು ಹೇಳಿ ಹಳೆಯದರ ಬೆಲೆಗೆ ಮಾರಿದರೆ ನನ್ನದೇನೂ ತಕರಾರಿಲ್ಲ. ಟೈಪಿಂಗ್ ಕಲಿಯುವವರಿಗೆ ಈಗಲೂ ಅದು ಸಾಕು.

ಆದ್ದರಿಂದ ಪ್ರೊಸೆಸರ್‌ನ ಪೂರ್ತಿ ಹೆಸರನ್ನು ಕೊನೆಯ ಅಕ್ಷರದವರೆಗೂ ಬರೆಸಿಕೊಳ್ಳಿ. ಆ ಕೊನೆಯ ಅಕ್ಷರಕ್ಕೂ ಬೆಲೆಯಿದೆ: ಐ3-12100 ಎಂಬುದರಲ್ಲಿ ಗ್ರಾಫಿಕ್ಸ್ ಒಳಗೇ ಇರುತ್ತದೆ, ಐ3-12100ಎಫ್ ಎಂಬುದರಲ್ಲಿ ಇರುವುದಿಲ್ಲ. ‘ಎಫ್’ ಕೊಂಡವರು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಹಾಕದೆ ಪರದೆಯಲ್ಲಿ ಏನನ್ನೂ ಕಾಣಲಾರರು, ಉಳಿಸಿದ ಹಣ ಅಲ್ಲಿಗೇ ಹೋಗುತ್ತದೆ. ಪ್ರೊಸೆಸರ್ ಸೀಲ್ ಮಾಡಿದ ಪೆಟ್ಟಿಗೆಯಲ್ಲಿ ಬರಲಿ, ಪೆಟ್ಟಿಗೆಯನ್ನು ನಿಮ್ಮ ಎದುರಿಗೇ ಒಡೆಯಲಿ. ಇಂಟೆಲ್‌ನ ಅಂಥ ಡೆಸ್ಕ್‌ಟಾಪ್ ಪ್ರೊಸೆಸರ್‌ಗೆ 3 ವರ್ಷದ ವಾರಂಟಿಯಿರುತ್ತದೆ. ರ್‍ಯಾಮ್ ವಿಷಯದಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ: 8 ಜಿಬಿಯ ಒಂದು ಪಟ್ಟಿ ಹಾಕಿಸಿ ಇನ್ನೊಂದಕ್ಕೆ ಜಾಗವಿರುವ ಬೋರ್ಡ್ ಕೊಂಡರೆ ಸಾಕು.

ನಮ್ಮ ಕಡೆಯ ಅಂಗಡಿಗಳಲ್ಲಿ ಎಸ್‌ಎಂಪಿಎಸ್‌ಗೆ ಪ್ರತ್ಯೇಕ ಬೆಲೆ ಕೇಳುವವರೇ ಕಡಿಮೆ, ಏಕೆಂದರೆ ಅದು ಕ್ಯಾಬಿನೆಟ್ ಜೊತೆಯಲ್ಲೇ ಬರುತ್ತದೆಂದು ಎಲ್ಲರೂ ಭಾವಿಸಿರುತ್ತಾರೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಚೇರಿ ಕಂಪ್ಯೂಟರ್ ದುಡಿಯುವಾಗಲೂ 150 ವ್ಯಾಟ್ ಮೀರುವುದು ಅಪರೂಪ. ಹಾಗಾಗಿ ಸ್ಟಿಕ್ಕರ್‌ನ ದೊಡ್ಡ ಅಂಕಿಯ ಹಿಂದೆ ಹೋಗುವ ಬದಲು 80 ಪ್ಲಸ್ ಎಂಬ ದಕ್ಷತೆಯ ಪ್ರಮಾಣಪತ್ರವಿರುವ 400 ವ್ಯಾಟ್ ಆಸುಪಾಸಿನದನ್ನು ಬೇರೆಯಾಗಿಯೇ ಕೊಳ್ಳುವುದು ಲೇಸು. ಕರೆಂಟು ಪದೇ ಪದೇ ಕೈಕೊಡುವ ಮಲೆನಾಡಿನಲ್ಲಿ ಹಣ ಉಳಿಸಲು ಇದಕ್ಕಿಂತ ಕೆಟ್ಟ ಜಾಗವಿಲ್ಲ.

ನಮ್ಮ ತಕರಾರು ಅರ್ಧ ಮಾತ್ರ ಬಗೆಹರಿಯಿತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ ಅಂಗಡಿಯವರು ಎಸ್‌ಎಸ್‌ಡಿ ಮತ್ತು ಎಸ್‌ಎಂಪಿಎಸ್ ಬದಲಿಸಿಕೊಟ್ಟರು. ಪ್ರೊಸೆಸರ್ ಮತ್ತು ಬೋರ್ಡಿನ ವಿಚಾರಕ್ಕೆ ಬಿಲ್ಲು ತೋರಿಸಿ ಕೈ ಚೆಲ್ಲಿದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು, 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ಆದರೆ ‘ಸೆಟ್ – 1’ ಎಂಬ ಬಿಲ್ಲು ಹಿಡಿದು ವಾದಿಸುವುದು ಕಷ್ಟವೆಂದು ಭಾವನವರು ಅಲ್ಲಿಗೇ ಬಿಟ್ಟರು. ನೀವು ಕೊಳ್ಳುವಾಗ ಜಿಎಸ್‌ಟಿ ಬಿಲ್ಲಿನಲ್ಲಿ ಪ್ರೊಸೆಸರ್, ಬೋರ್ಡ್, ರ್‍ಯಾಮ್, ಎಸ್‌ಎಸ್‌ಡಿ, ಎಸ್‌ಎಂಪಿಎಸ್ ಇವುಗಳ ಮಾದರಿ ಹೆಸರು ಮತ್ತು ಸೀರಿಯಲ್ ನಂಬರ್ ಒಂದೊಂದು ಸಾಲಿನಲ್ಲಿ ಬರಲೇಬೇಕೆಂದು ಮೊದಲೇ ಹೇಳಿ. ‘ಅಷ್ಟೆಲ್ಲ ಯಾಕೆ ಸರ್, ನಾವಿದ್ದೀವಲ್ಲ’ ಎಂಬ ಉತ್ತರ ಬಂದರೆ ಮುಂಗಡ ಕೊಡದೆ ಮುಂದಿನ ಅಂಗಡಿಗೆ ಹೋಗಿ.