ಕೇಬಲ್ ಸಡಿಲಿಕೆ, ಬರೀ ಪ್ಲೇಟ್, ಪೂರ್ಣ ಸೆಟ್: ಒಂದೇ ಮಾರುತಿ 800ರಲ್ಲಿ ಮೂರು ಪ್ರಯೋಗ

ನನ್ನದು 2003ರ ಮಾರುತಿ 800, ನಾಲ್ಕು ಗೇರಿನ ಗಾಡಿ. ದಾವಣಗೆರೆಯ ವಿದ್ಯಾನಗರದಿಂದ ಚಿತ್ರದುರ್ಗಕ್ಕೆ ವಾರದಲ್ಲಿ ನಾಲ್ಕು ದಿನ ಓಡಾಡುವ ಈ ಗಾಡಿಯ ಕ್ಲಚ್ಚಿಗೆ ಮೂರು ಬಗೆಯ ರಿಪೇರಿ ಮಾಡಿಸಿದ್ದೇನೆ. ಮೊದಲು ಕೇಬಲ್ ಹೊಂದಿಸಿದ್ದಾಯಿತು, ಆಮೇಲೆ ಎಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಕ್ಲಚ್ ಪ್ಲೇಟ್ ಒಂದನ್ನೇ ಬದಲಿಸಿದ್ದಾಯಿತು, ಕೊನೆಗೆ ಕ್ಲಚ್ ಪ್ಲೇಟ್, ಅದನ್ನು ಸ್ಪ್ರಿಂಗಿನಿಂದ ಅದುಮಿ ಹಿಡಿಯುವ ಪ್ರೆಷರ್ ಪ್ಲೇಟ್, ಪೆಡಲ್ ಒತ್ತಿದಾಗ ಆ ಹಿಡಿತ ಬಿಡಿಸುವ ರಿಲೀಸ್ ಬೇರಿಂಗ್ ಮೂರನ್ನೂ ಸೆಟ್ಟಾಗಿಯೇ ಹಾಕಿಸಿದ್ದಾಯಿತು. ಹಳೆಯ ಗಾಡಿ ಇಟ್ಟುಕೊಂಡವರ ಮುಂದೆ ಗ್ಯಾರೇಜಿನವರು ಇಡುವ ಆಯ್ಕೆಗಳೂ ಸಾಮಾನ್ಯವಾಗಿ ಇವೇ ಆಗಿರುವುದರಿಂದ, ಒಂದೇ ಗಾಡಿಯಲ್ಲಿ, ಒಂದೇ ರಸ್ತೆಯಲ್ಲಿ ಅವು ಹೇಗೆ ನಡೆದುಕೊಂಡವು ಎಂಬುದನ್ನು ಬರೆಯುತ್ತಿದ್ದೇನೆ.

ತೊಂದರೆ ಮೊದಲು ಕಾಣಿಸಿಕೊಂಡಿದ್ದು ಬೆಳಿಗ್ಗೆ ಹೋಗುವಾಗ ಮಾತ್ರ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದ್ದರೆ ದುರ್ಗ ಸುಮಾರು 730 ಮೀಟರ್ ಎತ್ತರದಲ್ಲಿದೆ. ಹೆದ್ದಾರಿ ಸಮತಟ್ಟಾಗಿರುವಂತೆ ಕಂಡರೂ ಒಟ್ಟಾರೆ ಏರಿಕೊಂಡೇ ಹೋಗುತ್ತದೆ. ಭರಮಸಾಗರ ದಾಟಿದ ಮೇಲೆ ಟಾಪ್ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ನಿನ ದನಿ ಏರುತ್ತಿತ್ತು, ಸ್ಪೀಡೋಮೀಟರಿನ ಮುಳ್ಳು ಮಾತ್ರ 60ರ ಬಳಿಯೇ ನಿಂತಿರುತ್ತಿತ್ತು. ಸಂಜೆ ಮರಳಿ ಬರುವಾಗ ಯಾವ ದೂರೂ ಇರುತ್ತಿರಲಿಲ್ಲ. ಈ ಗಾಡಿಗೆ ಎಂಜಿನ್ನಿನ ಸುತ್ತು ತೋರಿಸುವ ಮೀಟರ್ ಇಲ್ಲದ ಕಾರಣ ಕಿವಿಯನ್ನೇ ನಂಬಬೇಕು.

ಕ್ಲಚ್ ಸವೆದಿದೆಯೇ ಎಂದು ನೋಡಲು ಬಹುತೇಕ ಗ್ಯಾರೇಜುಗಳಲ್ಲಿ ಮಾಡುವ ಪರೀಕ್ಷೆಯೆಂದರೆ ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ, ಸ್ವಲ್ಪ ರೇಸ್ ಕೊಟ್ಟು ಕ್ಲಚ್ ಬಿಡುವುದು. ಎಂಜಿನ್ ತಕ್ಷಣ ಆಫ್ ಆದರೆ ಪ್ಲೇಟ್ ಚೆನ್ನಾಗಿದೆ, ಓಡುತ್ತಲೇ ಇದ್ದರೆ ಮುಗಿದಿದೆ ಎಂಬುದು ಅದರ ಲೆಕ್ಕ. ನನ್ನ ಗಾಡಿಯಲ್ಲಿ ಎಂಜಿನ್ ತಕ್ಷಣ ಆಫ್ ಆಯಿತು, ಆದರೂ ಕ್ಲಚ್ ಸವೆದೇ ಇತ್ತು. ನಿಂತಲ್ಲಿ ಕೊಡುವ ಹಗುರವಾದ ರೇಸಿಗೆ ಹಿಡಿದುಕೊಳ್ಳುವ ಪ್ಲೇಟು, ನಾಲ್ಕು ಜನ ಕುಳಿತ ಗಾಡಿಯನ್ನು ಏರಿನಲ್ಲಿ ಎಳೆಯುವಾಗ ಜಾರಬಹುದು. ಪೂರ್ತಿ ಸವೆದ ಕ್ಲಚ್ಚನ್ನು ಈ ಪರೀಕ್ಷೆ ಹಿಡಿಯುತ್ತದೆ, ಸವೆಯಲು ಶುರುವಾದದ್ದನ್ನು ಹಿಡಿಯುವುದಿಲ್ಲ. ಮೇಲಾಗಿ ಅದನ್ನು ಎರಡು ಮೂರು ಸಲ ಮಾಡಿ ನೋಡುವುದೆಂದರೆ ಉಳಿದಿರುವ ಪ್ಲೇಟನ್ನೂ ಸುಟ್ಟುಕೊಂಡಂತೆ. ನನಗೆ ನಂಬಿಕೆ ಬಂದಿದ್ದು ರಸ್ತೆಯ ಪರೀಕ್ಷೆಯ ಮೇಲೆ: ಖಾಲಿ ರಸ್ತೆಯಲ್ಲಿ ಟಾಪ್ ಗೇರಿನಲ್ಲಿ 40ರ ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರನ್ನು ಒಮ್ಮೆಲೇ ಪೂರ್ತಿ ಒತ್ತಿದಾಗ ದನಿ ಮತ್ತು ವೇಗ ಜೊತೆಯಾಗಿ ಏರಬೇಕು, ದನಿ ಮುಂದೆ ಓಡಿ ವೇಗ ಹಿಂದುಳಿದರೆ ಕ್ಲಚ್ ಜಾರುತ್ತಿದೆ ಎಂದರ್ಥ.

ಇನ್ನು ಮೊದಲ ರಿಪೇರಿ. ಮಾರುತಿ 800ರ ಕ್ಲಚ್ ಕೇಬಲ್ಲಿನದು, ಪೆಡಲ್ ಒತ್ತಲು ಶುರು ಮಾಡಿದಾಗ ಒಂದಿಷ್ಟು ಆಟ (ಕ್ಲಚ್ ಬಿಡಿಸದೆ ಪೆಡಲ್ ಸುಮ್ಮನೆ ಇಳಿಯುವ ದೂರ) ಇರಲೇಬೇಕು. ಪ್ಲೇಟ್ ಸವೆದಂತೆ ಕೇಬಲ್ ಸಡಿಲವಾಗುತ್ತದೆ ಎಂದು ಅನೇಕರು ತಿಳಿದಿದ್ದಾರೆ, ಆಗುವುದು ಅದಕ್ಕೆ ವಿರುದ್ಧ. ಪ್ಲೇಟ್ ತೆಳುವಾದಂತೆ ಪ್ರೆಷರ್ ಪ್ಲೇಟು ಫ್ಲೈವೀಲಿನ (ಎಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರದ) ಕಡೆಗೆ ಸರಿಯುತ್ತದೆ, ಅದರ ಸ್ಪ್ರಿಂಗಿನ ಬೆರಳುಗಳು ಬೇರಿಂಗಿನ ಕಡೆಗೆ ಚಾಚಿಕೊಳ್ಳುತ್ತವೆ, ಪೆಡಲಿನ ಆಟ ಕಡಿಮೆಯಾಗುತ್ತಾ ಕೊನೆಗೆ ಇಲ್ಲವಾಗುತ್ತದೆ. ಆಗ ಚಾಲಕ ಕಾಲು ತೆಗೆದಿದ್ದರೂ ಬೇರಿಂಗ್ ಮಾತ್ರ ಬೆರಳುಗಳನ್ನು ಒತ್ತಿಕೊಂಡೇ ಇರುತ್ತದೆ, ಅಂದರೆ ಗಾಡಿ ಸದಾ ಅಷ್ಟಿಷ್ಟು ಹಾಫ್ ಕ್ಲಚ್ಚಿನಲ್ಲೇ (ಪೆಡಲನ್ನು ಅರ್ಧ ಒತ್ತಿಟ್ಟ ಹಾಗೆ) ಓಡುತ್ತದೆ. ನಾನು ಮೊದಲು ಹೋದ ಗ್ಯಾರೇಜಿನಲ್ಲಿ ಹುಡುಗನೊಬ್ಬ ಕೇಬಲ್ಲಿನ ನಟ್ಟನ್ನು ಇನ್ನಷ್ಟು ಬಿಗಿ ಮಾಡಿ ಕಳಿಸಿದ. ಆನಗೋಡು ತಲುಪುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಮರುದಿನ ಇನ್ನೊಬ್ಬ ಹಿರಿಯ ಮೆಕ್ಯಾನಿಕ್ ಅದೇ ನಟ್ಟನ್ನು ಸಡಿಲಿಸಿ, ಪೆಡಲಿಗೆ ಒಂದು ಬೆರಳಿನ ದಪ್ಪದಷ್ಟು ಆಟ ಕೊಟ್ಟು, 50 ರೂಪಾಯಿ ತೆಗೆದುಕೊಂಡರು. ಜಾರುವಿಕೆ ನಿಂತಿತು, ಮುಂದಿನ 6,000 ಕಿಲೋಮೀಟರ್ ಗಾಡಿ ಸರಿಯಾಗಿಯೇ ಓಡಿತು. ಹೀಗಾಗಿ, ಕ್ಲಚ್ ಹೋಗಿದೆ ಎಂದು ಯಾರು ಹೇಳಿದರೂ ಮೊದಲು ಪೆಡಲಿನ ಆಟ ನೋಡಿರಿ ಎಂದೇ ಹೇಳುತ್ತೇನೆ. ಆದರೆ ಇದರಿಂದ ಸವೆದ ಪ್ಲೇಟ್ ಮತ್ತೆ ಬೆಳೆಯುವುದಿಲ್ಲ, ಉಳಿದದ್ದು ಪೂರ್ತಿ ಬಳಕೆಗೆ ಸಿಗುತ್ತದೆ, ಅಷ್ಟೇ.

ಎರಡನೆಯ ಬಾರಿ ಆಟ ಸರಿಯಾಗಿದ್ದರೂ ಗಾಡಿ ಜಾರಿತು, ಗೇರ್‌ಬಾಕ್ಸ್ ಇಳಿಸಬೇಕಾಯಿತು. ಹೊರಬಂದ ಪ್ಲೇಟನ್ನು ಹೊಸದರ ಪಕ್ಕದಲ್ಲಿಟ್ಟು ನೋಡಿದೆ. ಹೊಸದರಲ್ಲಿ ರಿವೆಟ್ಟುಗಳ ತಲೆ ಲೈನಿಂಗಿನ (ಪ್ಲೇಟಿನ ಮೇಲಿನ, ಉಜ್ಜಿ ಸವೆಯುವ ಪದರದ) ಮೈಗಿಂತ ಒಳಗೆ, ಉಗುರು ಇಳಿಯುವಷ್ಟು ಆಳದಲ್ಲಿದ್ದವು. ಹಳೆಯದರಲ್ಲಿ ಅವು ಮೈಗೆ ಸಮವಾಗಿ ಬಂದು, ನಾಲ್ಕೈದು ಕಡೆ ಉಜ್ಜಿ ಹೊಳೆಯುತ್ತಿದ್ದವು. ರಿವೆಟ್ಟಿನ ಆಳ ಅರ್ಧ ಮಿಲಿಮೀಟರಿಗೆ ಇಳಿಯುವ ಹೊತ್ತಿಗೇ ಪ್ಲೇಟ್ ಬದಲಿಸಬೇಕು. ನನ್ನದು ಆ ಗಡಿ ದಾಟಿ ಎಷ್ಟೋ ದಿನವಾಗಿತ್ತು. ಪ್ರೆಷರ್ ಪ್ಲೇಟಿನ ಮೇಲೆ ನೀಲಿ ಮಚ್ಚೆಗಳೂ ಕೂದಲೆಳೆಯಷ್ಟು ಸಣ್ಣ ಬಿರುಕುಗಳೂ ಇದ್ದವು. ‘ಎಮರಿ ಹೊಡೆದರೆ ಸಾಕು ಸಾರ್, ಇದು ಇನ್ನೂ ಓಡುತ್ತದೆ’ ಎಂದು ಗ್ಯಾರೇಜಿನವರು ಹೇಳಿದರು, ನಾನೂ ಒಪ್ಪಿದೆ. ಪ್ಲೇಟಿಗೆ 1,100, ಕೂಲಿ 1,500, ಒಟ್ಟು 2,600 ರೂಪಾಯಿ.

ಜಾರುವಿಕೆಯೇನೋ ಅಂದೇ ನಿಂತಿತು, ಅದರ ಬದಲಿಗೆ ನಡುಕ ಬಂತು. ಅಶೋಕ ರಸ್ತೆಯ ರೈಲ್ವೆ ಗೇಟ್ ತೆಗೆದು, ಮುಂದಿನ ಆಟೋದ ಹಿಂದೆ ಇಂಚಿಂಚೇ ಸರಿಯುವಾಗ ಡ್ಯಾಶ್‌ಬೋರ್ಡ್ ಗಡಗಡ ಅನ್ನುತ್ತಿತ್ತು, ರಿವರ್ಸಿನಲ್ಲಂತೂ ಇಡೀ ಗಾಡಿಗೆ ಚಳಿಜ್ವರ. ಹೊಸ ಪ್ಲೇಟ್ ಪಳಗುವವರೆಗೆ ತುಸು ನಡುಕ ಇರಬಹುದೆಂದು ಸಾವಿರ ಕಿಲೋಮೀಟರ್ ಕಾದೆ, ಹೋಗಲಿಲ್ಲ. ಉಬ್ಬುತಗ್ಗಿನ ಹಳೆಯ ಕಬ್ಬಿಣಕ್ಕೆ ಹೊಸ ಲೈನಿಂಗ್ ಸಮನಾಗಿ ಕೂರುವುದೇ ಇಲ್ಲ. ವರ್ಷ ತುಂಬುವಷ್ಟರಲ್ಲಿ ಪೆಡಲ್ ಒತ್ತಿದಾಗ ಕೀರಲು ಸದ್ದು ಶುರುವಾಯಿತು. ಒತ್ತಿದಾಗ ಬರುವ ಸದ್ದು ರಿಲೀಸ್ ಬೇರಿಂಗಿನದು. ಬಿಟ್ಟಾಗ ಇದ್ದು ಒತ್ತಿದರೆ ನಿಲ್ಲುವ ಸದ್ದು ಗೇರ್‌ಬಾಕ್ಸಿನ ಬೇರಿಂಗಿನದು, ಅದರ ಖರ್ಚೇ ಬೇರೆ. ನನ್ನದು ಮೊದಲನೆಯದು. ಕೆಲವೇ ನೂರು ರೂಪಾಯಿಯ ಆ ಬೇರಿಂಗನ್ನು ಬದಲಿಸಲು ಮತ್ತೆ ಗೇರ್‌ಬಾಕ್ಸನ್ನೇ ಇಳಿಸಬೇಕು. ಸುಸ್ತಾಗಿದ್ದ ಹಳೆಯ ಸ್ಪ್ರಿಂಗಿನಿಂದಾಗಿ 17,000 ಕಿಲೋಮೀಟರಿಗೆ ಏರಿನಲ್ಲಿ ಮತ್ತೆ ಜಾರತೊಡಗಿತು, ಹೊಸ ಪ್ಲೇಟಿನಲ್ಲಿ ಲೈನಿಂಗ್ ಬೇಕಾದಷ್ಟು ಉಳಿದಿದ್ದರೂ.

ಮೂರನೆಯ ಬಾರಿ ಪೂರ್ಣ ಸೆಟ್ ಹಾಕಿಸಿದೆ. ವ್ಯಾಲಿಯೋ, ಎಕ್ಸೆಡಿ, ಕಂಪನಿಯ ಜೆನ್ಯುಯಿನ್ ಎಂದು ಅಂಗಡಿಯಲ್ಲಿ ಆಯ್ಕೆಗಳಿದ್ದವು. ಅವುಗಳಲ್ಲಿ ಒಂದನ್ನು ಮಾತ್ರ ಬಳಸಿರುವ ನಾನು ಯಾವುದು ಮೇಲು ಎಂದು ಹೇಳುವುದು ಸರಿಯಲ್ಲ. ಸೆಟ್ಟಿಗೆ 3,300, ಕೂಲಿ 1,800, ಫ್ಲೈವೀಲಿನ ಮೈಯನ್ನು ಲೇತಿನಲ್ಲಿ ಹದವಾಗಿ ಕೆತ್ತಿಸಿ ಸಮ ಮಾಡಿಸಲು (ಫೇಸಿಂಗ್) 300, ಗೇರ್ ಆಯಿಲ್ ಮತ್ತು ಆಯಿಲ್ ಸೀಲುಗಳಿಗೆ 900, ಒಟ್ಟು 6,300 ರೂಪಾಯಿ. ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಸೀಲಿನ ಸುತ್ತ ಎಣ್ಣೆಯ ಪಸೆ ಕಂಡದ್ದರಿಂದ ಅದನ್ನು ಬದಲಿಸಿದೆವು. ಅಲ್ಲಿಂದ ಒಸರಿದ ಎಣ್ಣೆ ಪ್ಲೇಟಿಗೆ ತಾಗಿದರೆ ಎಂಥ ಹೊಸ ಸೆಟ್ಟೂ ಜಾರುತ್ತದೆ. ಈ ಸಲ ನಾನೂ ಪಕ್ಕದಲ್ಲೇ ನಿಂತಿದ್ದೆ. ಮೇಸ್ತ್ರಿ ಗೇರ್‌ಬಾಕ್ಸಿನ ಹಳೆಯ ಇನ್‌ಪುಟ್ ಶಾಫ್ಟಿನ ತುಂಡನ್ನು ತೂರಿಸಿ ಪ್ಲೇಟನ್ನು ನಡುವಿಗೆ ಕೂರಿಸಿದರು, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದರು, ಶಾಫ್ಟಿನ ಹಲ್ಲುಗಳಿಗೆ ಗ್ರೀಸನ್ನು ಸವರಿದಂತೆ ಮಾಡಿ ಒರೆಸಿಬಿಟ್ಟರು.

ವ್ಯತ್ಯಾಸ ಮೊದಲು ತಿಳಿದದ್ದು ಎಡಗಾಲಿಗೆ. ಭಾರವಾದ ಪೆಡಲನ್ನು ನಾನು ಇಷ್ಟು ದಿನ ಹಳೆಯ ಗಾಡಿಯ ಸ್ವಭಾವವೆಂದೇ ತಿಳಿದಿದ್ದೆ. ಪ್ಲೇಟ್ ತೆಳುವಾದಂತೆ ಸ್ಪ್ರಿಂಗ್ ಒತ್ತುವುದು ಕಷ್ಟವಾಗುತ್ತದೆ ಎಂಬುದು ಆಮೇಲೆ ತಿಳಿಯಿತು. ನಡುಕವಿಲ್ಲ, ಸದ್ದಿಲ್ಲ. ದುಡ್ಡಿನ ಲೆಕ್ಕದಲ್ಲಿ ಬರೀ ಪ್ಲೇಟಿನ 2,600 ರೂಪಾಯಿ ಅಗ್ಗವೆನ್ನಿಸಿದರೂ, ಅದು ಓಡಿದ್ದು 17,000 ಕಿಲೋಮೀಟರ್ ಮಾತ್ರ. 6,300ರ ಸೆಟ್ ಈಗ 41,000 ದಾಟಿದೆ. ಬರೀ ಪ್ಲೇಟ್ ಹಾಕಿಸುವುದಕ್ಕೆ ನನ್ನ ಒಪ್ಪಿಗೆ ಇರುವುದು ಒಂದೇ ಸಂದರ್ಭದಲ್ಲಿ: ಪ್ರೆಷರ್ ಪ್ಲೇಟೂ ಬೇರಿಂಗೂ ಇತ್ತೀಚಿನವಾಗಿದ್ದು, ಎಣ್ಣೆ ತಾಗಿಯೋ ಹಾಫ್ ಕ್ಲಚ್ಚಿನ ಚಟದಿಂದಲೋ ಪ್ಲೇಟ್ ಮಾತ್ರ ಅಕಾಲದಲ್ಲಿ ಹೋಗಿದ್ದರೆ.

ಸೆಟ್ ಹಾಕಿಸಿದ ಮೇಲೆ ಕೇಬಲ್ಲಿನ ನಟ್ಟನ್ನು ಎರಡು ಸಲ ಸಡಿಲಿಸಿದ್ದೇನೆ, ಪ್ರತಿ ಸಲವೂ ಪೆಡಲಿನ ಆಟ ಕಡಿಮೆಯಾದಾಗ. ಪ್ಲೇಟ್ ಸವೆದಷ್ಟೂ ನಟ್ಟು ಕೇಬಲ್ಲಿನ ಮರೆಯ (ಥ್ರೆಡ್ಡಿನ) ತುದಿಯ ಕಡೆಗೆ ಸರಿಯುತ್ತದೆ. ಕಳೆದ ವಾರ ಬಾನೆಟ್ ಎತ್ತಿ ನೋಡಿದಾಗ ಅದರಾಚೆ ಇನ್ನೂ ಅರ್ಧ ಇಂಚು ಮರೆ ಉಳಿದಿತ್ತು.